ದನ ಬಿಡುವ ಹೊತ್ತು, ಹುಲ್ಲು ಚಿಗುರುವ ಹೊತ್ತು

(ಗೋಮಾಳದ ವಿಚಾರವಾಗಿ ಸೇರಿದ್ದ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬರುವುದಕ್ಕೆ ಮುಂಚೆ ನಿಮ್ಮ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಗೋಮಾಳವನ್ನು ಒಂದು ಸುತ್ತು ನೋಡಿ ಬಂದೆ. ಹುಲ್ಲು ನೋಡಲು ಹೋದವನಿಗೆ ಕಂಡದ್ದು ತಂಗಡಿ ಗಿಡ, ಬಂದರೆ ಗಿಡ, ಪಾರ್ಥೇನಿಯಂ ಕಳೆ ಮತ್ತು ಕೆಂಪು ನೆಲ. ಅಲ್ಲಲ್ಲಿ ಚಾಪೆ ಹಾಸಿದಂತೆ ನೆಲಕ್ಕೆ ಅಂಟಿಕೊಂಡ ಗರಿಕೆ ಇತ್ತು. "ಮಳೆ ಸರಿಯಾಗಿ ಆಗಲಿಲ್ಲ ಸ್ವಾಮಿ, ಅದಕ್ಕೇ ಹುಲ್ಲಿಲ್ಲ" ಎಂದರು ಯಜಮಾನರು. ನಾನು ಮರುಮಾತಾಡದೆ ಒಂದು ಲಂಟಾನದ ಪೊದೆಯ ಹತ್ತಿರ ಹೋಗಿ ಕೋಲಿನಿಂದ ಅದನ್ನು ಸರಿಸಿದೆ. ಪೊದೆಯ ನಡುವೆ ಮೊಣಕಾಲೆತ್ತರದ ಹುಲ್ಲು ಹಸುರಾಗಿ ನಿಂತಿತ್ತು. ಪೊದೆಯ ಮೇಲೆ ಬಿದ್ದ ಮಳೆಯೇ ಬಯಲಿನ ಮೇಲೂ ಬಿದ್ದದ್ದು. ನೆಲವೂ ಒಂದೇ. ಪೊದೆಯೊಳಕ್ಕೆ ದನದ ಬಾಯಿ ಹೋಗಲಿಲ್ಲ, ಬಯಲಿನಲ್ಲಿ ಒಂದು ದಿನವೂ ಬಿಡುವು ಸಿಗಲಿಲ್ಲ, ಅಷ್ಟೇ ವ್ಯತ್ಯಾಸ. ಯಜಮಾನರು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಹಾಗಾದರೆ ಇದು ನಮ್ಮ ಕೈಯಲ್ಲೇ ಇದೆ ಅನ್ನಿ" ಎಂದರು. ಅವರ ಆ ಮಾತಿನಿಂದಲೇ ನಾನು ಹೇಳಬೇಕಾದುದನ್ನು ಆರಂಭಿಸುತ್ತೇನೆ.

ಹೊಸ ಬೀಜ, ಹೊಸ ಗೊಬ್ಬರಗಳ ವಿಚಾರವನ್ನು ಈ ಹೊತ್ತು ನಾನು ಎತ್ತುವುದಿಲ್ಲ. ಅವು ಬೇಡವೆಂದಲ್ಲ. ಆದರೆ ಕಾಸು ಖರ್ಚಿಲ್ಲದೆ ಆಗಬಹುದಾದ ಕೆಲಸವೊಂದು ಉಳಿದಿರುವಾಗ ಅದನ್ನು ಮೊದಲು ಹೇಳುವುದು ನ್ಯಾಯ. ಹುಲ್ಲಿಗೆ ದನವನ್ನು ಯಾವ ಹೊತ್ತಿಗೆ ಬಿಡಬೇಕು, ಯಾವ ಹೊತ್ತಿಗೆ ಹೊರಗೆ ಹೊಡೆಯಬೇಕು, ಮತ್ತೆ ಎಷ್ಟು ದಿನ ಅಲ್ಲಿಗೆ ಹೋಗಕೂಡದು ಎಂಬುದೇ ಆ ಕೆಲಸ.

ಹುಲ್ಲು ಬದುಕುವ ರೀತಿಯನ್ನು ಮೊದಲು ನೋಡೋಣ. ಎಲೆಯೇ ಅದರ ಅಡಿಗೆಮನೆ. ಬಿಸಿಲಿನಲ್ಲಿ ಎಲೆ ತಯಾರಿಸಿದ ಸಕ್ಕರೆಯಲ್ಲಿ ಅಂದಂದಿನ ಖರ್ಚು ಕಳೆದು ಉಳಿದದ್ದನ್ನು ಗಿಡವು ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಡುತ್ತದೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಂತೆ ಇದು ಹುಲ್ಲಿನ ಹಗೇವು. ದನ ಬಂದು ಎಲೆಯನ್ನೆಲ್ಲ ಕಿತ್ತು ತಿಂದಿತೆನ್ನಿ. ಅಡಿಗೆಮನೆಯೇ ಹೋಯಿತು. ಆಗ ಹುಲ್ಲು ಹಗೇವನ್ನು ತೆಗೆದು ಅದರಲ್ಲಿದ್ದ ದಾಸ್ತಾನಿನಿಂದ ಹೊಸ ಚಿಗುರು ಬಿಡುತ್ತದೆ. ಮೇಯಿಸಿದ ನಾಲ್ಕೈದು ದಿನಕ್ಕೆ ಕಾಣುವ ಆ ಎಳೆಯ ಹಸುರು ಹೊಸ ಗಳಿಕೆಯಲ್ಲ, ಹಳೆಯ ಉಳಿತಾಯದ ಖರ್ಚು. ಆ ಚಿಗುರು ಎಲೆಯಾಗಿ ಅಗಲವಾಗಿ ಬಿಸಿಲು ಹಿಡಿದು ತನ್ನ ಖರ್ಚನ್ನು ತಾನೇ ನಿಭಾಯಿಸುವುದಕ್ಕೆ ಇನ್ನೂ ಕೆಲವು ದಿನ ಬೇಕು. ಹಗೇವಿನಿಂದ ತೆಗೆದುದನ್ನು ತಿರುಗಿ ತುಂಬುವುದಕ್ಕೆ ಮತ್ತಷ್ಟು ದಿನ ಬೇಕು. ಅಷ್ಟರೊಳಗೆ ಎರಡನೆಯ ಸಲ ದನ ಬಾಯಿ ಹಾಕಿದರೆ ಹಗೇವಿನ ತಳಕ್ಕೆ ಕೈ ಹೋಗುತ್ತದೆ. ಮೂರನೆಯ ಸಲಕ್ಕೆ ಒಳಗೆ ಏನೂ ಇರುವುದಿಲ್ಲ. ಆಗ ಹುಲ್ಲಿನ ಬುಡ ನಡುವಿನಿಂದ ಒಣಗುತ್ತಾ ಬರುತ್ತದೆ, ಖಾಲಿಯಾದ ಜಾಗಕ್ಕೆ ದನ ಮೂಸದ ತಂಗಡಿ ಬಂದು ಕೂರುತ್ತದೆ.

"ಮೇಯಿಸಿದಷ್ಟೂ ಹುಲ್ಲು ಚಿಗುರುತ್ತದೆ" ಎಂಬ ಮಾತು ನಮ್ಮಲ್ಲಿ ಉಂಟು. ಇದರಲ್ಲಿ ಅರ್ಧ ನಿಜವಿದೆ. ಬಿಡುವು ಕೊಟ್ಟು ಮೇಯಿಸಿದರೆ ಹೊಸ ತೆಂಡೆಗಳು ಬಂದು ಹುಲ್ಲು ದಟ್ಟವಾಗುವುದೂ ಹೌದು. ಆದರೆ ಹಸುವಿನ ಕೆಚ್ಚಲಿಗೂ ಹುಲ್ಲಿಗೂ ಭೇದವಿದೆ. ಹಸುವಿಗೆ ಹಿಂಡಿ ಹಾಕಿ, ನೀರು ಕುಡಿಸಿ, ಹನ್ನೆರಡು ಗಂಟೆ ಬಿಟ್ಟು ಕರೆಯುತ್ತೀರಿ. ಹುಲ್ಲನ್ನು ಮಾತ್ರ ಬೆಳಗಾದರೆ ಕರೆಯುವುದು, ಸಂಜೆಯಾದರೆ ಕರೆಯುವುದು, ಮೇವು ಹಾಕುವುದು ಎಂದೂ ಇಲ್ಲ.

ನೆಲದ ಕೆಳಗೆ ನಡೆಯುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲವಾದುದರಿಂದ ಅದರ ಮಾತನ್ನೂ ಹೇಳಬೇಕು. ಅಮೆರಿಕಾ ದೇಶದ ಕೃಷಿ ಇಲಾಖೆಯಲ್ಲಿದ್ದ ಕ್ರೈಡರ್ ಎಂಬ ವಿಜ್ಞಾನಿ ಹಲವು ಬಗೆಯ ಹುಲ್ಲುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ, ಬೇರು ಏನಾಗುತ್ತದೆಂದು ನೋಡಿ, 1955ರಲ್ಲಿ ಅದನ್ನು ಪ್ರಕಟಿಸಿದನು. ಮೇಲಿನ ಹಸುರಿನಲ್ಲಿ ನೂರಕ್ಕೆ 40 ಪಾಲಿನವರೆಗೆ ತೆಗೆದರೆ ಬೇರು ತನ್ನ ಪಾಡಿಗೆ ಬೆಳೆಯುತ್ತಿತ್ತು. ಅರ್ಧಕ್ಕೆ ಮುಟ್ಟಿದರೆ ಕೆಲವು ಬೇರುಗಳು ಬೆಳೆಯುವುದನ್ನು ನಿಲ್ಲಿಸುತ್ತಿದ್ದವು. ಇನ್ನೂ ಹೆಚ್ಚು ಬೋಳಿಸಿದಾಗ ಬೇರುಗಳೆಲ್ಲವೂ ದಿನಗಟ್ಟಲೆ ನಿಂತೇಬಿಟ್ಟವು. ಬೇರು ನಿಂತರೆ ನಮ್ಮಂಥ ಕಡಿಮೆ ಮಳೆಯ ಸೀಮೆಯಲ್ಲಿ ಏನಾಗುವುದೆಂದು ನಾನು ಹೇಳಬೇಕಾಗಿಲ್ಲ. ಮಳೆ ಹದಿನೈದು ದಿನ ಕೈಕೊಟ್ಟರೆ ಆಳಕ್ಕೆ ಇಳಿದ ಬೇರಿನ ಹುಲ್ಲು ನಿಲ್ಲುತ್ತದೆ, ಮೇಲುಮೇಲೆ ಇರುವ ಬೇರಿನದು ಸುಟ್ಟುಹೋಗುತ್ತದೆ. ನಂಬಿಕೆ ಬಾರದಿದ್ದವರು ನಾಳೆಯೇ ಒಂದು ಗುದ್ದಲಿ ತೆಗೆದುಕೊಂಡು ಹೋಗಿ, ಪೊದೆಯೊಳಗಿನ ಹುಲ್ಲಿನ ಬುಡವೊಂದನ್ನೂ ಬಯಲಿನ ಬುಡವೊಂದನ್ನೂ ಅಗೆದು ಬೇರುಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದು ನೋಡಬಹುದು. ಮಳೆ ಕಡಿಮೆಯಾಯಿತೆಂದು ನಾವು ದೂರುವಾಗ, ಬಂದ ಮಳೆಯನ್ನು ಹೀರುವ ಬೇರನ್ನು ಕೊಂದವರು ಯಾರೆಂದು ಆ ಅಳತೆ ಹೇಳುತ್ತದೆ.

ಇನ್ನು ಸುಳಿಯ ವಿಚಾರ. ರಾಗಿ, ಜೋಳ ಬೆಳೆಯುವ ನಿಮಗೆ ಸುಳಿ ಎಂದರೆ ಏನೆಂದು ತಿಳಿದೇ ಇದೆ. ಹುಲ್ಲು ಎಳೆಯದಾಗಿ ಬರೀ ಎಲೆಯಾಗಿರುವಾಗ ಅದರ ಬೆಳೆಯುವ ಸುಳಿ ನೆಲಕ್ಕೆ ಅಂಟಿದಂತೆ ಬುಡದಲ್ಲಿ ಅಡಗಿರುತ್ತದೆ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಅದು ನಾಲಿಗೆಯಿಂದ ಸುತ್ತಿ ಹಿಡಿದು ಕೀಳುತ್ತದೆ, ಆದುದರಿಂದ ತೀರ ಬುಡಕ್ಕೆ ಹೋಗಲಾರದು. ಸುಳಿ ಉಳಿದರೆ ಮೇಯ್ದ ಮಾರನೆಯ ದಿನವೇ ಅದೇ ಸುಳಿಯಿಂದ ಎಲೆ ಮೇಲೇಳುತ್ತದೆ. ಆದರೆ ಗೆಣ್ಣು ಎದ್ದು ಕಾಂಡ ಕಟ್ಟಿ ತೆನೆಗೆ ಸಿದ್ಧವಾಗುವ ಹೊತ್ತಿನಲ್ಲಿ ಸುಳಿಯು ಕಾಂಡದ ಜೊತೆಗೆ ಮೇಲಕ್ಕೆ ಬಂದಿರುತ್ತದೆ. ಆಗ ಮೇಯ್ದರೆ ಸುಳಿಯೂ ಹೋಯಿತು. ಆ ತೆಂಡೆ ಮತ್ತೆ ಬೆಳೆಯಲಾರದು. ಬುಡದಲ್ಲಿ ಮಲಗಿರುವ ಹೊಸ ಮೊಳಕೆ ಎಚ್ಚೆತ್ತು ಹೊರಗೆ ಬರಬೇಕು, ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಕುರಿಯ ಬಾಯಿ ದನದ ಬಾಯಿಗಿಂತ ನೆಲಕ್ಕೆ ಹತ್ತಿರ ಹೋಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದನ ಮೇಯ್ದ ಬೆನ್ನಿಗೇ ಕುರಿ ಹೊಡೆದರೆ ಉಳಿದಿದ್ದ ಎರಡು ಬೆರಳಿನ ಹಸುರೂ ಹೋಗುತ್ತದೆ.

ಹಾಗಾದರೆ ತಡಮಾಡಿದಷ್ಟೂ ಒಳ್ಳೆಯದೇ ಎಂದು ಕೇಳುತ್ತೀರಿ. ಅಲ್ಲ. ನಮ್ಮ ಬಿಸಿಲುನಾಡಿನ ಹುಲ್ಲುಗಳ ಗುಣವೇ ಬೇರೆ. ಶಾಖವೂ ನೀರೂ ಸಿಕ್ಕರೆ ಅವು ಚಳಿದೇಶದ ಹುಲ್ಲಿಗಿಂತ ಬಹಳ ಬೇಗ ಬೆಳೆಯುತ್ತವೆ, ಅಷ್ಟೇ ಬೇಗ ಮುದಿಯಾಗುತ್ತವೆ. ಮೇಯಿಸಿದ ಮೇಲೆ ಮೊದಲ ವಾರ ಬೆಳವಣಿಗೆ ನಿಧಾನ. ಎಲೆ ಕೂಡಿದ ಮೇಲೆ ಎರಡು ಮೂರು ವಾರ ಓಟ. ಆಮೇಲೆ ಎಲೆಯ ಮೇಲೆ ಎಲೆ ಕವಿದು ನೆಲಕ್ಕೆ ಬಿಸಿಲು ಬೀಳದಂತಾದಾಗ ಕೆಳಗಿನ ಎಲೆಗಳು ಹಳದಿಯಾಗಿ ಸಾಯುತ್ತವೆ, ಮೇಲೆ ಕಾಂಡ ಉದ್ದವಾಗುತ್ತದೆ. ದೂರದಿಂದ ನೋಡಿದರೆ ಹುಲ್ಲು ಇನ್ನೂ ಬೆಳೆಯುತ್ತಿದೆ ಎಂದೇ ಕಾಣುತ್ತದೆ. ಆದರೆ ಹೆಚ್ಚುತ್ತಿರುವುದು ಕಡ್ಡಿ, ಮೇವಲ್ಲ. ಎಳೆಯ ಹುಲ್ಲಿನಲ್ಲಿ ಸಾಕಷ್ಟು ಇರುವ ಸಸಾರಜನಕ ದಿನ ಕಳೆದಂತೆ ಇಳಿಯುತ್ತದೆ. ಒಣ ಮೇವಿನಲ್ಲಿ ಲೆಕ್ಕಹಾಕಿದಾಗ ಅದು ನೂರಕ್ಕೆ 7 ಪಾಲಿಗಿಂತ ಕೆಳಗೆ ಇಳಿದರೆ ದನದ ಹೊಟ್ಟೆಯಲ್ಲಿ ನಾರನ್ನು ಅರಗಿಸುವ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ಮೇವು ಅರಗದಿದ್ದರೆ ದನ ಇನ್ನಷ್ಟು ತಿನ್ನುವುದೂ ಇಲ್ಲ. ಹೊಟ್ಟೆ ತುಂಬಾ ಹುಲ್ಲಿದ್ದೂ ದನ ಸೊರಗುವುದನ್ನು ಮಾಘಮಾಸದಲ್ಲಿ ನೀವೆಲ್ಲ ನೋಡಿದ್ದೀರಿ.

ಈ ನಡುವಿನ ಹೊತ್ತನ್ನು ಗುರುತಿಸುವುದಕ್ಕೆ ಬ್ರೆಜಿಲ್ ದೇಶದವರು ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ. ನಮ್ಮ ಗಿನಿ ಹುಲ್ಲಿನ ಕುಲದ್ದೇ ಆದ ಮೊಂಬಾಸಾ ಎಂಬ ತಳಿಯನ್ನು ಅವರು ವಿಶೇಷವಾಗಿ ಮೇಯಿಸುತ್ತಾರೆ. 2000ದ ನಂತರದ ವರ್ಷಗಳಲ್ಲಿ ಅಲ್ಲಿಯ ವಿಜ್ಞಾನಿಗಳು ಹುಲ್ಲಿನ ಮೇಲೆ ಬೀಳುವ ಬೆಳಕನ್ನೂ ಅದರ ಕೆಳಗೆ ನೆಲಕ್ಕೆ ಮುಟ್ಟುವ ಬೆಳಕನ್ನೂ ಅಳೆದರು. ಬಿದ್ದ ಬೆಳಕಿನ ನೂರಕ್ಕೆ 95 ಪಾಲನ್ನು ಎಲೆ ಹಿಡಿಯುವ ಹೊತ್ತಿಗೆ ದನ ಬಿಟ್ಟರೆ ಎಲೆಯೂ ಹೆಚ್ಚು ಸಿಗುತ್ತದೆ, ಕಡ್ಡಿಯೂ ಕಡಿಮೆ ಇರುತ್ತದೆ ಎಂದು ಕಂಡಿತು. ಆಗ ಮೊಂಬಾಸಾ ಸುಮಾರು 90 ಸೆಂಟಿಮೀಟರು, ಎಂದರೆ ಎರಡು ಮೊಳ ಎತ್ತರವಿತ್ತು. ಅದೇ ಜಾತಿಯ, ಸ್ವಲ್ಪ ಗಿಡ್ಡನೆಯ ತಾಂಜಾನಿಯಾ ಎಂಬ ತಳಿಗೆ 70 ಸೆಂಟಿಮೀಟರು. ನನಗೆ ಇದರಲ್ಲಿ ಮೆಚ್ಚಿಕೆಯಾದದ್ದು ಏನೆಂದರೆ, ಯಂತ್ರದಲ್ಲಿ ಅಳೆದು ಕಂಡುಹಿಡಿದದ್ದನ್ನು ಅವರು ರೈತನ ಕೈಗೆ ಒಂದು ಅಳತೆಕೋಲಾಗಿ ಕೊಟ್ಟರು. ಪಂಚಾಂಗ ನೋಡಬೇಕಾಗಿಲ್ಲ, ಎತ್ತರ ನೋಡಿದರೆ ಸಾಕು. ಮಳೆ ಚೆನ್ನಾಗಿದ್ದರೆ ಆ ಎತ್ತರ ಮೂರು ನಾಲ್ಕು ವಾರಕ್ಕೇ ಬರುತ್ತದೆ, ಮಳೆ ಹಿಂದೆಗೆದರೆ ಎರಡು ತಿಂಗಳಾದರೂ ಬಾರದೆ ಇರಬಹುದು. ಕೋಲು ಸುಳ್ಳು ಹೇಳುವುದಿಲ್ಲ.

ನಮ್ಮ ಗೋಮಾಳದ ನಾಟಿ ಹುಲ್ಲುಗಳು ಅಷ್ಟು ಎತ್ತರ ಬರುವಂಥವಲ್ಲ. ಅವುಗಳಿಗೆ ನನ್ನ ಲೆಕ್ಕ ಇಷ್ಟು: ಒಂದು ಗೇಣು ಎದ್ದ ಮೇಲೆ ದನ ಬಿಡಿ, ನಾಲ್ಕು ಬೆರಳು ಉಳಿದಿರುವಾಗಲೇ ಹೊರಗೆ ಹೊಡೆಯಿರಿ. ತೆನೆ ಬಂದ ಮೇಲೆ ಪಂಚೆಗೂ ಸೀರೆಗೂ ಚುಚ್ಚಿಕೊಳ್ಳುವ ಊಬಿನ ಹುಲ್ಲು ನಮ್ಮ ಬಯಲುಗಳಲ್ಲಿ ಬಹಳ. ಅದನ್ನಂತೂ ಎಳೆಯದರಲ್ಲಿ ಮೇಯಿಸಿದರೆ ಮಾತ್ರ ಉಂಟು. ಊಬು ಬಂದ ಮೇಲೆ ದನ ಮುಟ್ಟುವುದಿಲ್ಲ, ಕುರಿಗೆ ಚರ್ಮಕ್ಕೂ ಕಣ್ಣಿಗೂ ಹಾನಿ.

ಫ್ರಾನ್ಸ್ ದೇಶದಲ್ಲಿ ಆಂದ್ರೆ ವಾಸೆನ್ ಎಂಬಾತನಿದ್ದನು. ರಸಾಯನಶಾಸ್ತ್ರ ಓದಿದವನು, ಮನೆಯಲ್ಲಿ ದನ ಸಾಕಿದವನು. ತನ್ನ ಹಸುಗಳು ಮೇಯುವುದನ್ನೂ ಹುಲ್ಲು ಚಿಗುರುವುದನ್ನೂ ವರ್ಷಗಟ್ಟಲೆ ನೋಡಿ 1957ರಲ್ಲಿ ಒಂದು ಗ್ರಂಥ ಬರೆದನು. ಒಂದು ಮೇವಿಗೂ ಮತ್ತೊಂದು ಮೇವಿಗೂ ನಡುವೆ ಹುಲ್ಲಿಗೆ ಸಾಕಷ್ಟು ಬಿಡುವು ಸಿಗಬೇಕು, ಮತ್ತು ಒಂದು ತುಂಡಿನಲ್ಲಿ ದನ ಎಷ್ಟು ಕಡಿಮೆ ದಿನ ಇರಬೇಕೆಂದರೆ ಮೊದಲ ದಿನ ಕಚ್ಚಿದ ಹುಲ್ಲಿನ ಹೊಸ ಚಿಗುರನ್ನು ಅದೇ ಸರದಿಯಲ್ಲಿ ಮತ್ತೆ ಕಚ್ಚುವಂತಿರಬಾರದು ಎಂಬಿವು ಅವನ ಮುಖ್ಯ ಸೂತ್ರಗಳು. ಅವನದು ಚಳಿದೇಶ, ಅವನ ದಿನಗಳ ಲೆಕ್ಕ ನಮಗೆ ಹೊಂದುವುದಿಲ್ಲ. ಸೂತ್ರ ಹೊಂದುತ್ತದೆ. ಮೂವತ್ತು ದನ ಒಂದು ದಿನ ಮೇಯುವುದೂ ಒಂದು ದನ ಮೂವತ್ತು ದಿನ ಮೇಯುವುದೂ ಶ್ಯಾನುಭೋಗರ ಲೆಕ್ಕದಲ್ಲಿ ಒಂದೇ ಆಗಬಹುದು, ಹುಲ್ಲಿನ ಲೆಕ್ಕದಲ್ಲಿ ಒಂದೇ ಅಲ್ಲ. ಮೂವತ್ತು ದಿನ ಇರುವ ಒಂದೇ ದನ ತಾನು ಮೊನ್ನೆ ಕಚ್ಚಿದ ಸಿಹಿಚಿಗುರನ್ನೇ ಹುಡುಕಿಕೊಂಡು ಹೋಗಿ ಮತ್ತೆ ಮತ್ತೆ ಕಚ್ಚುತ್ತದೆ, ಪಕ್ಕದಲ್ಲಿ ಮುದಿಯಾದ ಹುಲ್ಲು ಹಾಗೆಯೇ ನಿಂತಿರುತ್ತದೆ.

ಆದರೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಸರದಿ ಮೇವಿನಿಂದ ಎಲ್ಲವೂ ಸರಿಹೋಗುತ್ತದೆಂದು ಕೆಲವರು ಸಾರಿಕೊಂಡು ತಿರುಗಿದ್ದುಂಟು. ಅಮೆರಿಕಾದ ಹುಲ್ಲುಗಾವಲು ವಿಜ್ಞಾನಿಗಳು ಹಿಂದಿನ ಅನೇಕ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ 2008ರಲ್ಲಿ ಹೇಳಿದ್ದೇನೆಂದರೆ, ವಿಶಾಲವಾದ ಒಣ ಬಯಲುಗಳಲ್ಲಿ ದನಗಳ ಸಂಖ್ಯೆ ಹಿತಮಿತವಾಗಿದ್ದರೆ ಸರದಿಯಲ್ಲಿ ಮೇಯಿಸುವುದಕ್ಕೂ ಸುಮ್ಮನೆ ಬಿಡುವುದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ ಎಂದು. ಅದು ನಿಜವಿರಬೇಕು. ಸಾವಿರಾರು ಎಕರೆಯಲ್ಲಿ ಅಲ್ಲೊಂದು ಇಲ್ಲೊಂದು ದನವಿದ್ದರೆ ಹುಲ್ಲಿಗೆ ಬಿಡುವು ತಾನಾಗಿಯೇ ಸಿಗುತ್ತದೆ. ನಮ್ಮ ಗೋಮಾಳದ ಸ್ಥಿತಿ ಹಾಗಿಲ್ಲ. ಇಲ್ಲಿ ನೆಲ ಕಡಿಮೆ, ಬಾಯಿ ಹೆಚ್ಚು. ಅಂತೆಯೇ, ಹುಲ್ಲು ಸಾಕುವುದಕ್ಕಿಂತ ಮೂರು ಪಟ್ಟು ದನ ಬಿಟ್ಟು ಸರದಿ ಹಾಕಿದರೆ ಸರದಿಯೇನೂ ಪವಾಡ ಮಾಡಲಾರದು. ಕರೆಯದ, ಹೂಡದ ದನಗಳನ್ನು ಬರೀ ಲೆಕ್ಕಕ್ಕೆ ಇಟ್ಟುಕೊಂಡವರು ಇದನ್ನು ಮನೆಯಲ್ಲಿ ಕುಳಿತು ಯೋಚಿಸಬೇಕು.

ಬಿಡುವು ಕೊಡುವ ಈ ಪದ್ಧತಿ ಹೊರದೇಶದಿಂದ ಬಂದ ಹೊಸ ವಿದ್ಯೆಯೆಂದು ಯಾರೂ ತಿಳಿಯಬೇಡಿ. ಮೈಸೂರು ಸೀಮೆಯ ಅಮೃತ ಮಹಲ್ ಕಾವಲುಗಳ ಹೆಸರನ್ನು ಕೇಳಿದ್ದೀರಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 1673ರಿಂದ 1704ರವರೆಗಿನ ಆಳ್ವಿಕೆಯಲ್ಲಿ, ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟೀಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಫಿರಂಗಿ ಎಳೆಯುವ ಎತ್ತುಗಳು ಈ ಹಿಂಡುಗಳಿಂದ ಬಂದವು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರುಗಳ ಕಡೆ ಹರಡಿದ್ದ ಈ ಕಾವಲುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ ಇದ್ದವು. ಕೆರೆಯಂಗಳವೂ ನೆರಳೂ ಇದ್ದ ಜಾಗ ಬೇಸಿಗೆಗೆ ಮೀಸಲು. ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಒಂದು ಕಾವಲಿನಲ್ಲಿ ದನ ಇರುವಾಗ ಉಳಿದೆರಡು ಸುಮ್ಮನೆ ಬೆಳೆಯುತ್ತಿದ್ದವು. ಓದುಬರಹ ಬಾರದ ದನಗಾಹಿಗಳು ಹುಲ್ಲಿನ ಹಗೇವು ತುಂಬುವ ತನಕ ಕಾಯುತ್ತಿದ್ದರು. ಕಾವಲು ಎಂಬ ಮಾತಿನಲ್ಲಿಯೇ ಕಾಯುವುದು ಇದೆಯಲ್ಲವೆ? ಈಗ ಆ ಕಾವಲುಗಳಲ್ಲಿ ಬಹುಪಾಲು ಬೇರೆ ಬೇರೆ ಕೆಲಸಕ್ಕೆ ಹೋಗಿ ಸ್ವಲ್ಪವೇ ಉಳಿದಿದೆ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ತಳಿ ಇನ್ನೂ ಇದೆ.

ಈಗ ನಮ್ಮ ಕಡೆ ಆಗುವ ದೊಡ್ಡ ತಪ್ಪಿಗೆ ಬರುತ್ತೇನೆ. ಅದು ಭರಣಿ, ಕೃತ್ತಿಕೆ ಮಳೆ ಬಿದ್ದಾಗ ಆಗುವ ತಪ್ಪು. ನಾಲ್ಕು ತಿಂಗಳ ಬೇಸಿಗೆಯನ್ನು ಹುಲ್ಲು ಬೇರಿನಲ್ಲಿ ಉಳಿದಿದ್ದ ಅಷ್ಟಿಷ್ಟರಲ್ಲಿ ಕಳೆದಿರುತ್ತದೆ. ಮೊದಲ ಮಳೆ ಬಿದ್ದ ಕೂಡಲೆ ಇದ್ದುದನ್ನೆಲ್ಲ ಸುರಿದು ಚಿಗುರುತ್ತದೆ. ವರ್ಷದಲ್ಲಿ ಹುಲ್ಲು ಅತ್ಯಂತ ಬಡವಾಗಿರುವ ಹೊತ್ತು ಅದೇ. ನಮ್ಮ ಮನೆಯಲ್ಲಿ ಬಣವೆ ತೀರಿರುವ ಹೊತ್ತೂ ಅದೇ. ಎಂಟು ದಿನದ ಹಸುರು ಕಂಡೊಡನೆ ಊರಿನ ದನವೆಲ್ಲ ಅಲ್ಲಿಗೆ. ಹಸಿ ನೆಲದ ಮೇಲೆ ಗೊರಸು ಬಿದ್ದು ಮಣ್ಣು ಗಟ್ಟಿಯಾಗುತ್ತದೆ, ಮುಂದಿನ ಮಳೆಯ ನೀರು ಇಂಗದೆ ಹರಿದುಹೋಗುತ್ತದೆ. ದನಕ್ಕಾದರೂ ಹೊಟ್ಟೆ ತುಂಬುತ್ತದೆಯೇ? ಬೆರಳುದ್ದದ ಚಿಗುರಿಗಾಗಿ ದಿನವೆಲ್ಲ ನಡೆದು, ತಿಂದದ್ದು ನಡೆದದ್ದಕ್ಕೇ ಸರಿಯಾಗುತ್ತದೆ. ಆ ಎಳೆ ಹುಲ್ಲಿನಲ್ಲಿ ನೀರೇ ಹೆಚ್ಚಾದುದರಿಂದ ಸಗಣಿ ನೀರಾಗುವುದನ್ನೂ ಕಂಡಿದ್ದೀರಿ. ಆ ಇಪ್ಪತ್ತೈದು ಮೂವತ್ತು ದಿನ ಕಾದರೆ ಗೋಮಾಳ ಸ್ವಾತಿ ಮಳೆಯ ತನಕ ಮೇವು ಕೊಡುತ್ತದೆ. ಕಾಯದಿದ್ದರೆ ಇಡೀ ವರ್ಷ ಹೀಗೆಯೇ ನೆಲ ನೆಕ್ಕಬೇಕು. ಬೇಸಿಗೆಯಲ್ಲಿ ಬಯಲಿಗೆ ಬೆಂಕಿ ಹಾಕಿ ಹಸುರು ಬರಿಸುತ್ತೇವೆನ್ನುವವರ ಹಸುರೂ ಇದೇ ಹಗೇವಿನದು. ಅದು ಬೆಂಕಿ ಕೊಟ್ಟದ್ದಲ್ಲ.

ಈ ಮಾತನ್ನು ಇನ್ನೊಂದು ಊರಿನಲ್ಲಿ ಹೇಳಿದಾಗ ಹಿಂದುಗಡೆ ಕುಳಿತಿದ್ದ ಅಜ್ಜನೊಬ್ಬ ಎದ್ದು, "ಅಲ್ಲಿಯ ತನಕ ನನ್ನ ಎಮ್ಮೆಗೆ ಏಕಾದಶಿ ವ್ರತ ಹಿಡಿಸಲೇನಪ್ಪಾ?" ಎಂದು ಕೇಳಿದ್ದನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕೇಳಿದ್ದು ಸರಿಯಾಗಿತ್ತು. ಅದಕ್ಕೆ ಉತ್ತರವಿಲ್ಲದೆ ನಾನು ಹೇಳಿದ್ದೆಲ್ಲ ಬರೀ ಉಪದೇಶವಾಗುತ್ತದೆ. ಲೆಕ್ಕ ನೋಡಿ. ನಾಟಿ ಹಸುವೊಂದಕ್ಕೆ ದಿನಕ್ಕೆ 5ರಿಂದ 6 ಕಿಲೋ ರಾಗಿ ಹುಲ್ಲು ಹಿಡಿಯಿರಿ. ಮೂವತ್ತು ದಿನಕ್ಕೆ 150ರಿಂದ 180 ಕಿಲೋ. ಸುಗ್ಗಿಯಲ್ಲಿ ಬಣವೆ ಒಟ್ಟುವಾಗಲೇ ಒಂದೊಂದು ದನದ ಹೆಸರಿನಲ್ಲಿ ಇಷ್ಟನ್ನು ಬೇರೆ ಒಟ್ಟಿ, ಮೊದಲ ಮಳೆಯ ತನಕ ಅದಕ್ಕೆ ಕೈಹಾಕಕೂಡದು. ಬಿಡಿ ಹುಲ್ಲನ್ನು ನೆಲಕ್ಕೆ ಚೆಲ್ಲುವ ಬದಲು ಕತ್ತರಿಸಿ ಗೋದಲೆಯಲ್ಲಿ ಹಾಕಿದರೆ ತುಳಿತಕ್ಕೆ ಹೋಗುವುದು ಉಳಿಯುತ್ತದೆ. ಕೊಳವೆಬಾವಿ ಇದ್ದವರು ಹತ್ತು ಗುಂಟೆ ನೇಪಿಯರ್ ಹಾಕಿಕೊಂಡರೆ ಒಣಮೇವಿಗೆ ಹಸಿ ಬೆರೆಸಬಹುದು. ಬದುವಿನ ಮೇಲಿನ ಅಗಸೆ, ಗ್ಲಿರಿಸಿಡಿಯಾ, ಸುಬಾಬುಲ್ ಸೊಪ್ಪೂ ಆ ತಿಂಗಳಿಗೆ ಆಸರೆ. ಸುಬಾಬುಲ್ ಮಾತ್ರ ಮೇವಿನ ಮೂರರಲ್ಲೊಂದು ಪಾಲಿಗೆ ಮೀರಬಾರದು, ಅದರಲ್ಲಿ ದನಕ್ಕೆ ಆಗದ ಅಂಶವೊಂದಿದೆ.

ಇಲ್ಲಿ ಜೋಳದ ಮಾತು ಬಂದೇ ಬರಬೇಕು. ಕೊಯ್ದ ಜೋಳದ ಕೂಳೆಯಲ್ಲಿ ಮಳೆ ಬಿದ್ದಾಗ ಏಳುವ ಚಿಗುರು, ಬರದಲ್ಲಿ ಬಾಡಿ ನಿಂತ ಎಳೆ ಜೋಳ, ಇವೆರಡೂ ವಿಷ. ಅದರಿಂದ ದನದ ಹೊಟ್ಟೆಯಲ್ಲಿ ಹೈಡ್ರೋಸಯನಿಕ್ ಆಮ್ಲ ಹುಟ್ಟುತ್ತದೆ. ಮೇಯ್ದ ಸ್ವಲ್ಪ ಹೊತ್ತಿಗೇ ಏದುಸಿರು ಬಿಟ್ಟು, ನಡುಗಿ, ಬಿದ್ದು ಸಾಯಬಹುದು. ದೃಷ್ಟಿ ತಾಗಿತೆಂದು ನಿವಾಳಿಸುತ್ತಾ ಕೂರದೆ ಪಶುವೈದ್ಯರಿಗೆ ಓಡಬೇಕು, ಕೂಡಲೆ ಬಂದು ಚುಚ್ಚುಮದ್ದು ಕೊಟ್ಟರೆ ಉಳಿಸಬಹುದು. ಜೋಳ ಹೂ ಬಿಡುವ ತನಕ ದನ ಬಿಡಬೇಡಿ. ಬೇರೆ ಹುಲ್ಲಿನಲ್ಲಿ ಹೊತ್ತು ತಪ್ಪಿದರೆ ಮೇವು ಹೋಗುತ್ತದೆ, ಇದರಲ್ಲಿ ದನವೇ ಹೋಗುತ್ತದೆ.

ಸ್ವಂತ ಹೊಲದಲ್ಲಿ ಹುಲ್ಲು ಹಾಕಿದವರಿಗೆ ಎರಡು ಮಾತು. ನೇಪಿಯರ್ ಹುಲ್ಲನ್ನು ನೆಟ್ಟ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ. ಕೊಯ್ಯುವ ಅಕ್ಕತಂಗಿಯರು ಕುಡುಗೋಲನ್ನು ನೆಲಕ್ಕೆ ತಾಗಿಸಿ ಬೋಳಿಸದೆ 10ರಿಂದ 15 ಸೆಂಟಿಮೀಟರು ಕೂಳೆ ಬಿಡಬೇಕು. ಆ ಕೂಳೆಯಲ್ಲೇ ಮುಂದಿನ ಕೊಯ್ಲಿನ ದಾಸ್ತಾನು ಇರುವುದು. ಗಿನಿ ಹುಲ್ಲಿನಲ್ಲಿ ನಾನೇ ಮೋಸಹೋದವನು. ಹದಿನೈದು ಗುಂಟೆ ಹಾಕಿದ್ದೆ. ಮೊದಲ ವರ್ಷದ ಸಂಭ್ರಮದಲ್ಲಿ ಎಲೆ ಎದ್ದದ್ದೇ ಸರಿ, ಹತ್ತು ಹನ್ನೆರಡು ದಿನಕ್ಕೊಮ್ಮೆ ಹಸು ಕಟ್ಟಿದೆ. ಮಳೆಗಾಲ ಮುಗಿಯುವ ತನಕ ಎಲ್ಲವೂ ಸರಿಯಾಗಿಯೇ ಇದ್ದಂತಿತ್ತು. ಮರುವರ್ಷ ಬುಡಗಳ ನಡು ಟೊಳ್ಳು, ಅಂಚಿನಲ್ಲಿ ನಾಲ್ಕು ಕಡ್ಡಿ. ಬೀಜದವನನ್ನು ಬೈದೆ, ನೆಲವನ್ನು ಬೈದೆ. ತಪ್ಪು ಇದ್ದದ್ದು ನನ್ನ ಹಗ್ಗದಲ್ಲಿ.

ಕೊನೆಯದಾಗಿ ನಿಮ್ಮ ಗೋಮಾಳದ ವಿಚಾರ. ಐದು ಭಾಗ ಮಾಡಿ. ಬೇಲಿ ಬೇಕಾಗಿಲ್ಲ, ಕಲ್ಲು ನೆಟ್ಟು ಸುಣ್ಣ ಬಳಿದರೆ ಸಾಕು. ಒಂದು ಭಾಗವನ್ನು ಈ ವರ್ಷ ಹುಲ್ಲು ಬೀಜ ಉದುರಿಸುವ ತನಕ ಪೂರ್ತಿಯಾಗಿ ಮುಚ್ಚಿ. ಉಳಿದ ನಾಲ್ಕರಲ್ಲಿ ಒಂದೊಂದರಲ್ಲಿ ಏಳು ದಿನ ದನ ಇರಲಿ. ಆಗ ಪ್ರತಿಯೊಂದಕ್ಕೂ 21 ದಿನದ ಬಿಡುವು ಸಿಗುತ್ತದೆ. ಏಳು ದಿನವೂ ಸ್ವಲ್ಪ ಹೆಚ್ಚೇ. ನಾಲ್ಕು ದಿನವಾಗಿದ್ದರೆ ಇನ್ನೂ ಮೇಲು, ಆದರೆ ಅದಕ್ಕೆ ಎಂಟೊಂಬತ್ತು ಭಾಗ ಬೇಕು, ಮೊದಲ ವರ್ಷವೇ ಅಷ್ಟು ಕಟ್ಟು ನಿಲ್ಲಲಾರದು. ಹಸ್ತ ಚಿತ್ತೆ ಕಳೆದು ಹುಲ್ಲಿನ ಓಟ ನಿಧಾನವಾದಾಗ ಬಿಡುವನ್ನು ಹೆಚ್ಚಿಸಬೇಕು. ಮುಂದಿನ ವರ್ಷ ಮುಚ್ಚುವ ಭಾಗ ಬೇರೆ. ಐದು ವರ್ಷದಲ್ಲಿ ಎಲ್ಲ ಭಾಗಗಳೂ ಒಮ್ಮೆ ಬೀಜ ಕಟ್ಟಿರುತ್ತವೆ.

ಹೀಗೆ ಮುಚ್ಚಿದಾಗ ಪೆಟ್ಟು ಬೀಳುವುದು ಹೊಲವಿಲ್ಲದೆ ನಾಲ್ಕು ಮೇಕೆ ಇಟ್ಟುಕೊಂಡವರಿಗೆ. ಹೊಲವಿದ್ದವನು ಬದುವಿನಲ್ಲಿ ಮೇಯಿಸಿಕೊಳ್ಳುತ್ತಾನೆ, ಅವರು ಎಲ್ಲಿಗೆ ಹೋಗಬೇಕು? ಆದುದರಿಂದ ಮುಚ್ಚಿದ ಭಾಗದ ಹುಲ್ಲನ್ನು ಬೀಜ ಉದುರಿದ ಮೇಲೆ ಕೊಯ್ದುಕೊಳ್ಳುವ ಮೊದಲ ಹಕ್ಕು ಅವರಿಗೆ ಇರಲಿ ಎಂದು ನಾನು ಹೇಳುತ್ತೇನೆ. ಹರಿಯಾಣದ ಸುಖೋಮಾಜ್ರಿ ಎಂಬ ಊರಿನವರು 1970ರ ದಶಕದಲ್ಲಿ ಬೋಳಾಗಿದ್ದ ಗುಡ್ಡಕ್ಕೆ ದನ ಬಿಡುವುದಿಲ್ಲವೆಂದು ತಾವೇ ಕಟ್ಟುಮಾಡಿಕೊಂಡರು. ಬೇಲಿಯಿಲ್ಲದೆ ಆ ಕಟ್ಟು ನಿಂತದ್ದಕ್ಕೆ ಕಾರಣ, ಗುಡ್ಡದ ಕೆಳಗೆ ಕಟ್ಟಿದ ಒಡ್ಡಿನ ನೀರಿನಲ್ಲಿ ಭೂಮಿಯಿಲ್ಲದವರಿಗೂ ಪಾಲು ಕೊಟ್ಟದ್ದು. ಪಾಲಿಲ್ಲದವನು ಕಾವಲು ಕಾಯುವುದಿಲ್ಲ, ರಾತ್ರಿ ಹೊತ್ತು ದನ ನುಗ್ಗಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಯಾವ ಭಾಗವನ್ನು ಮೊದಲು ಮುಚ್ಚಬೇಕೆಂದು ಯಜಮಾನರು ದಾರಿಯಲ್ಲಿ ಕೇಳಿದರು. ಕೆರೆ ಏರಿಯ ಕೆಳಗಿನ ತುಂಡು ಬೇಡ, ಅದು ದನಗಳು ನೀರಿಗೆ ಹೋಗುವ ದಾರಿ. ಗುಡ್ಡದ ಕಡೆಯ ಇಳಿಜಾರನ್ನು ಮುಚ್ಚಿ. ಅಲ್ಲಿ ಮಣ್ಣು ಕೊಚ್ಚುವುದು ಹೆಚ್ಚು, ಪೊದೆಗಳ ನಡುವೆ ಬೀಜದ ಹುಲ್ಲೂ ಉಳಿದಿದೆ. ಜಾಲಿ ಮುಳ್ಳನ್ನು ಒಂದು ಗಜ ಚೌಕಕ್ಕೆ ಒತ್ತಿ ಕಟ್ಟಿ, ಮೇಯಿಸುವ ನಾಲ್ಕು ಭಾಗಗಳಲ್ಲೂ ಒಂದೊಂದು ಕಡೆ ಇಡಿ. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ನಾನು ತಕ್ಕಡಿ ತರುತ್ತೇನೆ. ಮುಳ್ಳಿನ ಒಳಗಿನ ಒಂದು ಗಜ ಹುಲ್ಲನ್ನೂ ಹೊರಗಿನ ಒಂದು ಗಜ ಹುಲ್ಲನ್ನೂ ಕೊಯ್ದು, ಇದೇ ಕಟ್ಟೆಯ ಮೇಲೆ ಎಲ್ಲರ ಮುಂದೆ ತೂಗೋಣ. ಕಲ್ಲುಗಳನ್ನು ನಾಳೆ ಸಂಜೆ ಎತ್ತುವುದೆಂದು ಹುಡುಗರು ಆಗಲೇ ಒಪ್ಪಿದ್ದಾರೆ. ಸುಣ್ಣ ಯಾರ ಮನೆಯಲ್ಲಿದೆಯೋ ಅವರು ಈಗಲೇ ಹೇಳಬಹುದು.